ದೊಡ್ಡಪ್ಪನ ರಕ್ತದಲ್ಲಿ ಕಂಡದ್ದು

ಜಯಕ್ಕ, ನಿನ್ನ ಮದುವೆ ಮುರಿದವನು ನಾನು. ಇಷ್ಟು ವರ್ಷ ತಾವರೆಕೆರೆಯ ಬೀಗರನ್ನು ಬೈದೆಯಲ್ಲ — ಆ ಬೈಗುಳ ನನಗೆ ಸೇರಬೇಕಾದದ್ದು.

ನಿನ್ನಪ್ಪ, ನನ್ನ ದೊಡ್ಡಪ್ಪನ ಹೊಟ್ಟೆಯಲ್ಲಿ ಕ್ಯಾನ್ಸರ್ ಬೆಳೆದು ನೀರು ತುಂಬಿತ್ತು. ಆಸ್ಪತ್ರೆಯಲ್ಲಿ ತೆಗೆದ ಆ ನೀರನ್ನು ನಮ್ಮ ಕಾಲೇಜಿನ ಮೇಷ್ಟ್ರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೇರಳೆ ಬಣ್ಣ ಹೀರಿದ ವರ್ಣತಂತುಗಳು — ಕಳ್ಳಂಬೆಳ್ಳದ ಕೆರೆಯಲ್ಲಿ ಜೊಂಡು ತೂಗಿದ ಹಾಗೆ... ಎಣಿಸುತ್ತ ಎಣಿಸುತ್ತ ಎಲ್ಲೋ ತೇಲಿಹೋದೆ. ಮನುಷ್ಯನಿಗೆ ಅವು ನಲವತ್ತಾರು ಎಂದು ಜಗತ್ತಿಗೇ ಖಚಿತವಾಗಿ ಹತ್ತು ವರ್ಷವಾಗಿರಲಿಲ್ಲ. ಇಲ್ಲಿ ಒಂದು ಕೋಶದಲ್ಲಿ ಐವತ್ತು ದಾಟಿದವು, ಪಕ್ಕದ್ದರಲ್ಲಿ ನಲವತ್ತೂ ತುಂಬಲಿಲ್ಲ.

ಊರಿಗೆ ಬಂದರೆ, ಪಡಸಾಲೆಯಲ್ಲಿ ಸೋದರತ್ತೆ ನಮ್ಮ ಅತ್ತಿಗೆ, ನಿನ್ನಣ್ಣನ ಹೆಂಡತಿಯ ಕಡೆ ಕೈ ತೋರಿಸುತ್ತಿದ್ದಳು. "ಇವ್ಳೇ ಅನ್ನದಾಗೆ ಮದ್ದು ಇಕ್ಕವ್ಳೆ ಕಣ್ಲಾ! ಕಕ್ಕಿಸಿದ್ರೆ ಈಚೆ ಬತ್ತದೆ." ಲಗ್ನ ಗೊತ್ತುಮಾಡಲು ತಾವರೆಕೆರೆಯಿಂದ ಬಂದಿದ್ದ ನಿನ್ನ ಮಾವನಾಗಬೇಕಾದವರು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಹೆಸರಾಗಿದ್ದ ನನ್ನ ಕಡೆ ತಿರುಗಿ ನಕ್ಕರು: "ಏನಂತೀರಪ್ಪಾ, ಡಿಬೇಟ್ ಸಾಹೇಬ್ರು?"

ಎದ್ದು ನಿಂತೆ. "ಮದ್ದೂ ಇಲ್ಲ, ಮಣ್ಣೂ ಇಲ್ಲ. ದೊಡ್ಡಪ್ಪನ ವರ್ಣತಂತು ಕೆಟ್ಟೈತೆ. ವರ್ಣತಂತು ಅಪ್ಪ ಅಮ್ಮನಿಂದ ಮಕ್ಕಳಿಗೆ ಬರೋದು."

ಅತ್ತೆ ಚಾಚಿದ್ದ ಕೈಯನ್ನು ಕೆಳಗಿಳಿಸಿದಳು. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಗೆದ್ದೆ ಅಂದುಕೊಂಡೆ —

ಆ ಬೀಗರು ಕಾಫಿಲೋಟ ಕೆಳಗಿಟ್ಟರು. "ಅಂಗಾದ್ರೆ, ಮಗಳ್ಗೂ ಅದೇ ಬಂದಿರ್ತದೆ ಅನ್ನಿ."

ಉತ್ತರ ನನಗೆ ಗೊತ್ತಿತ್ತು, ಜಯಕ್ಕ. ಅದೇ ವಾರ ಮೇಷ್ಟ್ರು ದೊಡ್ಡಪ್ಪನ ರಕ್ತವನ್ನೂ ನೋಡಿದ್ದರು. ಕೋಶದ ಮೇಲೆ ಕೋಶ — ನಲವತ್ತಾರು, ನಲವತ್ತಾರು. ಏರುಪೇರೆಲ್ಲ ಗಡ್ಡೆಯೊಳಗೇ ಹುಟ್ಟಿದ್ದು. ನಿನಗೆ ಅದನ್ನು ಯಾರೂ ಕೊಟ್ಟಿರಲಿಲ್ಲ. ಆದರೆ ಹಾಗೆಂದರೆ ಅತ್ತೆ ಕೇಳುತ್ತಿದ್ದಳು: ಮತ್ತೆ ಹೊಟ್ಟೆಗೆ ತಂದಿಟ್ಟವರು ಯಾರು? ಅದು ನನಗೆ ಗೊತ್ತಿರಲಿಲ್ಲ. ಎದುರಾಳಿಗೆ ಒಂದು ಎಳೆಯನ್ನೂ ಬಿಟ್ಟುಕೊಡಬಾರದೆಂದು ಕಲಿತಿದ್ದೆ — ಸುಮ್ಮನಾದೆ. ಬಾಗಿಲ ಹಿಂದೆ ನಿನ್ನ ಬಳೆ ಸದ್ದು ನಿಂತಿತು.

ಈಗಲೂ ಕಣ್ಣು ಮುಚ್ಚಿದರೆ ದೊಡ್ಡಪ್ಪನ ರಕ್ತದ ಆ ನೇರಳೆ ಎಳೆಗಳು ತೇಲುತ್ತವೆ. ಎಷ್ಟು ಎಣಿಸಿದರೂ ನಲವತ್ತಾರೇ...

ಈ ಕಾಗದವನ್ನು ಅದೇ ಪಡಸಾಲೆಯಲ್ಲಿ, ಎಲ್ಲರ ಮುಂದೆ ಓದಿಸು. ನಾನೂ ಬಂದು ಕೂತಿರುತ್ತೇನೆ. ಯಾರು ಏನೇ ಅನ್ನಲಿ, ಉತ್ತರಿಸಲು ಏಳುವುದಿಲ್ಲ.