ಎಷ್ಟು ತಲೆಗೆ ಎಷ್ಟು ಮೆಮೊರಿ

ಹೋದ ತಿಂಗಳು ಹೊಸ ಕಂಪ್ಯೂಟರ್ ತರಲೆಂದು ಯಾದಗಿರಿಗೆ ಹೋಗಿದ್ದೆ. ತರದೆ ಬಂದೆ, ಜಗಳ ಮಾಡಿ ಬಂದೆ. ಅಂಗಡಿಯವನ ತಪ್ಪು ಅಷ್ಟೇನಿರಲಿಲ್ಲ. ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದ.

"ಏನ್ ಕೆಲಸಕ್ಕ ಬೇಕಾಗ್ಯಾದ್ರಿ ಅಕ್ಕೋರೆ?"

"ಬರಿಯಾಕ್ರಿ," ಅಂದೆ.

"ಬರಿಯಾಕ ಅಂದ್ರ ಸಣ್ಣ ಮೆಮೊರಿದು ಸಾಕ್ರಿ. ನಿಮ್ಮಂಥೋರು ದೊಡ್ಡದು ತಗೊಂಡು ಏನ್ ಮಾಡ್ತೀರಿ?"

ನಿಮ್ಮಂಥೋರು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ನಮ್ಮಂಥವರು ಅಂದರೆ ಯಾರಪ್ಪ, ನಮಗೆ ಎಷ್ಟು ಸಾಕು ಅಂತ ಅಳೆದವರು ಯಾರಪ್ಪ ಅಂತ ಕೌಂಟರಿನ ಮೇಲೆ ಕೈಯಿಟ್ಟು ಕೇಳಿದೆ. ಪಾಪ, ಅವನು ಬೆಪ್ಪಾಗಿ ನೋಡಿದ. ಮೆಮೊರಿಯ ಮಾತಿಗೆ ಹೆಂಗಸೊಬ್ಬಳು ಇಷ್ಟು ಸಿಟ್ಟಾಗುವುದನ್ನು ಅವನು ಕಂಡಿರಲಿಕ್ಕಿಲ್ಲ. ನನ್ನ ಸಿಟ್ಟು ಅವನ ಮೇಲಿನದಲ್ಲ, ಹಳೆಯದು. ಶಹಾಪುರದಲ್ಲಿ ಹೊತ್ತಿಕೊಂಡದ್ದು, ಇನ್ನೂ ಆರಿಲ್ಲ.

ಸುರಪುರದಲ್ಲಿ ಕಾಲೇಜು ಮುಗಿಸಿ, ಕಂಪ್ಯೂಟರ್ ಕೋರ್ಸನ್ನೂ ಮಾಡಿದ ಮೇಲೆ ನಾನು ಶಹಾಪುರದ ಒಂದು ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಬ್ಯಾನರ್ ಡಿಸೈನ್ ಮಾಡುವುದು ನನ್ನ ಕೆಲಸ. ನಮ್ಮ ಕಡೆಯ ಬ್ಯಾನರ್ ಹೇಗಿರುತ್ತದೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಗೊತ್ತು. ನಡುವೆ ಒಬ್ಬ ದೊಡ್ಡ ಮನುಷ್ಯ, ಆತನ ಅಕ್ಕಪಕ್ಕ ಅವನಿಗಿಂತ ಸ್ವಲ್ಪ ಸಣ್ಣವರು, ಕೆಳಗೆ ಸಾಲುಸಾಲಾಗಿ ಶುಭ ಕೋರುವವರು. ಹುಟ್ಟುಹಬ್ಬವಿರಲಿ, ಮನೆಶಾಂತಿಯಿರಲಿ, ಸತ್ತವರ ಶ್ರದ್ಧಾಂಜಲಿಯಿರಲಿ, ಮುಖಗಳಿಲ್ಲದ ಬ್ಯಾನರನ್ನು ಯಾರೂ ಬ್ಯಾನರ್ ಅನ್ನುತ್ತಿರಲಿಲ್ಲ. ಗಿರಾಕಿ ಬಂದರೆ ಉದ್ದಗಲ ಕೇಳುವ ಮುಂಚೆ ನಾವು ಕೇಳುತ್ತಿದ್ದದ್ದು, "ಎಷ್ಟು ತಲಿ ಅದಾವ್ರಿ?" ಅಂತ.

ತಲೆಗಳು ಮೊಬೈಲಿನಲ್ಲಿ ಬರುತ್ತಿದ್ದವು. ಮದುವೆಯಲ್ಲಿ ಉಣ್ಣುವಾಗ ತೆಗೆದದ್ದು, ಬೈಕಿನ ಮೇಲೆ ಕೂತದ್ದು, ಹೆಂಡತಿಯ ಜೊತೆ ನಿಂತದ್ದು. ಅವನ್ನೆಲ್ಲ ಕತ್ತರಿಸಿ, ಮುಖಕ್ಕೆ ಬೆಳಕು ಕೊಟ್ಟು, ಮಾನಮರ್ಯಾದೆ ನೋಡಿ ಸಾಲಿನಲ್ಲಿ ಕೂಡಿಸಬೇಕು. ಹೆಂಡತಿಯನ್ನು ತೆಗೆದರೂ ಒಮ್ಮೊಮ್ಮೆ ಆಕೆಯ ಕೈ ಗಂಡನ ಹೆಗಲ ಮೇಲೆ ಉಳಿದುಬಿಡುತ್ತಿತ್ತು. ಆ ಬೆರಳುಗಳನ್ನು ಒಂದೊಂದಾಗಿ ಅಳಿಸಿ, ಅಂಗಿಯ ಬಣ್ಣ ತುಂಬುವುದೂ ನನ್ನದೇ ಕೆಲಸ. "ಆಕಿನೂ ಇರ್ಲಿ ಬಿಡ್ರಿ" ಅಂತ ಒಬ್ಬನೇ ಒಬ್ಬ ಗಂಡಸು ಅಂದದ್ದು ನೆನಪಿಲ್ಲ.

ಕಂಪ್ಯೂಟರಿಗೆ ಪ್ರತಿ ತಲೆಯೂ ಒಂದು ಭಾರ. ಮೆಮೊರಿ ಅಂದರೆ ಫೋಟೋ ತುಂಬಿಡುವ ಜಾಗ ಅಂದುಕೊಂಡಿರುತ್ತಾರೆ ಜನ. ಅದು ಬೇರೆ, ಇದು ಬೇರೆ. ಮನೆಯಲ್ಲಿ ಜೋಳದ ಹಿಟ್ಟು ಡಬ್ಬಿ ತುಂಬ ಇರಬಹುದು, ನಾದುವುದು ಮಾತ್ರ ಪರಾತದ ಅಗಲ ತಟ್ಟೆಯಲ್ಲಿ ಹಿಡಿದಷ್ಟೇ. ಈ ಮೆಮೊರಿ ಆ ಪರಾತ. ಅದು ಸಣ್ಣದಾದರೆ ಕಂಪ್ಯೂಟರ್ ಒದ್ದಾಡುತ್ತದೆ, ಬಾಣದ ಗುರುತು ತಿರುಗುವ ಚಕ್ರವಾಗುತ್ತದೆ, ಕೊನೆಗೆ ಪರದೆ ಕಲ್ಲಾಗಿ ನಿಲ್ಲುತ್ತದೆ.

ನಮ್ಮ ಅಂಗಡಿಯ ಮಷೀನಿನಲ್ಲಿ ನಾಲ್ಕು ಜಿಬಿ ಇತ್ತು. ಡಿಸೈನ್ ಕೆಲಸಕ್ಕೆ ಅದು ಕಡಿಮೆಯೇ. ಆದರೂ ಸಂಭಾಳಿಸುತ್ತಿದ್ದೆ. ಒಂದು ಸಾಲು ಮುಗಿದ ಕೂಡಲೇ ಆ ಸಾಲಿನ ತಲೆಗಳನ್ನೆಲ್ಲ ಒಂದೇ ಚಿತ್ರವಾಗಿ ಬೆಸೆಯುತ್ತಿದ್ದೆ, ಬೇಡದ್ದನ್ನೆಲ್ಲ ಮುಚ್ಚುತ್ತಿದ್ದೆ, ಎಲ್ಲ ಅಂಗಡಿಗಳಲ್ಲಿ ಹಾಕುವಂತೆ ಹಾಡನ್ನೂ ಹಾಕುತ್ತಿರಲಿಲ್ಲ. ಒಬ್ಬ ಮುಖಂಡರ ಹುಟ್ಟುಹಬ್ಬಕ್ಕೆ ಮಾಡಿದ ಬ್ಯಾನರಿನಲ್ಲಿ ದೂರದಿಂದ ನೋಡಿದರೆ ಮೀಸೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಅಷ್ಟು ತಲೆಗಳು. ಅದನ್ನೂ ಆ ನಾಲ್ಕು ಜಿಬಿಯಲ್ಲೇ ಎತ್ತಿ ಹಾಕಿದ್ದೆ. ಈ ಹುಡುಗಿಯ ಕೈ ಚುರುಕು ಅಂತ ಗಿರಾಕಿಗಳು ಹೇಳುತ್ತಿದ್ದರು, ನನಗೂ ಹೆಮ್ಮೆಯಾಗುತ್ತಿತ್ತು.

ಆಮೇಲೆ ಅಂಗಡಿಯ ಮಾಲೀಕರಾದ ಸಾವಕಾರರು ಕ್ಯಾಮೆರಾ ಹಾಕಿಸಿದರು. ಅವರಿಗೆ ಗೊಬ್ಬರದ ಅಂಗಡಿಯೂ ಇತ್ತು, ಹೆಚ್ಚಿನ ಹೊತ್ತು ಅಲ್ಲೇ ಕೂರುತ್ತಿದ್ದರು. ಫ್ಲೆಕ್ಸ್ ಅಂಗಡಿಯಲ್ಲಿ ಇರುತ್ತಿದ್ದವಳು ನಾನೊಬ್ಬಳೇ. ಬಾಗಿಲಿಗೊಂದು ಕ್ಯಾಮೆರಾ, ಪ್ರಿಂಟರಿಗೊಂದು, ನನ್ನ ಕುರ್ಚಿಯ ಹಿಂದೆ ಗೋಡೆಗೊಂದು. ಕಳ್ಳರ ಕಾಟಕ್ಕೆ ಅಂದರು. ನನ್ನ ಬೆನ್ನಿನಲ್ಲಿ ಯಾವ ಕಳ್ಳ ಅಡಗಿದ್ದನೋ ಗೊತ್ತಿಲ್ಲ. ಗಲ್ಲಾ ಇದ್ದದ್ದು ಇನ್ನೊಂದು ಮೂಲೆಯಲ್ಲಿ, ಅದರ ಕಡೆ ಯಾವ ಕ್ಯಾಮೆರಾವೂ ಮುಖ ಮಾಡಿರಲಿಲ್ಲ. ತಾ ಕಳ್ಳ ಪರರ ನಂಬ ಅಂತ ನಮ್ಮವ್ವ ಅನ್ನುತ್ತಾಳೆ, ಅದು ಸುಳ್ಳಲ್ಲ.

ಇಷ್ಟಾದರೂ ಸುಮ್ಮನಿರುತ್ತಿದ್ದೆನೇನೋ. ಆದರೆ ಕ್ಯಾಮೆರಾದ ಚಿತ್ರ ತುಂಬಿಡಲು ಬೇರೆ ಪೆಟ್ಟಿಗೆ ಬೇಕಲ್ಲ, ಅದನ್ನು ಕೊಳ್ಳದೆ ಮೂರನ್ನೂ ನಾನು ಕೆಲಸ ಮಾಡುವ ಕಂಪ್ಯೂಟರಿಗೇ ಜೋಡಿಸಿದರು. ಬೆಳಗ್ಗೆ ಮಷೀನ್ ಚಾಲೂ ಆದ ಕೂಡಲೇ ಆ ಸಾಫ್ಟ್‌ವೇರ್ ಏಳುತ್ತಿತ್ತು, ಕೆಳಗೆ ಅಡಗಿ ಕೂತು ದಿನವಿಡೀ ನುಂಗುತ್ತಿತ್ತು. ಅಂದಿನಿಂದ ನನ್ನ ಕೈ ಕಟ್ಟಿಹೋಯಿತು. ಮುಂಚೆ ಸರಸರ ಕೂಡುತ್ತಿದ್ದ ತಲೆಗಳು ಈಗ ಒಂದನ್ನು ಸರಿಸಿದರೆ ಚಹಾ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದವು. ಗಿರಾಕಿಗಳು ಬೆಂಚಿನ ಮೇಲೆ ಕೂತು ನಿಟ್ಟುಸಿರು ಬಿಡುತ್ತಿದ್ದರು.

"ಸಾವಕಾರ್ರ, ಮಷೀನ್ ಭಾಳ ಹ್ಯಾಂಗ್ ಆಗಾಕತ್ತದ. ಮೆಮೊರಿ ಹೆಚ್ಚು ಹಾಕಿಸ್ರಿ, ಇಲ್ಲಾಂದ್ರ ಕ್ಯಾಮೆರಾ ಬ್ಯಾರೆ ಕಡಿ ಹಚ್ಚಿಸ್ರಿ," ಅಂದೆ.

"ಕುಣಿಲಾರ್ದಾಕಿ ನೆಲ ಡೊಂಕ ಅಂದ್ಲಂತ," ಅಂದರು ಅವರು. "ಮೊದಲು ಇದ್ರಾಗ ಮಾಡ್ತಿದ್ದಿಲ್ಲೇನು? ಮಷೀನ್ ಅದೇ ಅದ. ನಿನ್ನ ಕೈ ನಿಧಾನ ಆಗ್ಯಾವ. ನಾ ಎಲ್ಲಾ ಮೊಬೈಲ್‌ನ್ಯಾಗ ನೋಡ್ತೀನಿ."

ನೋಡುತ್ತಿದ್ದರು, ಖರೇ. ನೀರು ಕುಡಿಯಲು ಎದ್ದರೆ ಫೋನು, ಊಟದ ಡಬ್ಬಿ ಬಿಚ್ಚಿದರೆ ಫೋನು. ಪರದೆ ಕಲ್ಲಾಗಿ ನಿಂತಾಗ ನಾನೇ ಫೋನು ಹಚ್ಚಿದರೆ ಮಾತ್ರ ಎತ್ತುತ್ತಿರಲಿಲ್ಲ. ಒಂದು ದಿನ ಮಷೀನ್ ಬಂದಾಗಿ ಮತ್ತೆ ಚಾಲೂ ಆದಾಗ ಆ ಸಾಫ್ಟ್‌ವೇರ್ ಅಡಗಿ ಕೂರದೆ ಪರದೆ ತುಂಬ ತೆರೆದುಕೊಂಡಿತು. ಮೂರು ಚೌಕಗಳು. ಒಂದರಲ್ಲಿ ನನ್ನದೇ ಬೆನ್ನು, ನನ್ನದೇ ಜಡೆ, ಓಢಣಿ ಜಾರಿದ್ದ ನನ್ನದೇ ಹೆಗಲು. ನಾನು ಓಢಣಿ ಸರಿಮಾಡಿಕೊಂಡರೆ ಅದರಲ್ಲಿದ್ದವಳೂ ಮಾಡಿಕೊಂಡಳು. ಹೇಸಿಗೆಯಾಯಿತು. ನನ್ನ ಕೆಲಸಕ್ಕೆ ಬೇಕಾದ ಮೆಮೊರಿಯನ್ನು ತಿಂದು, ನನ್ನ ಬೆನ್ನು ಕಾಯುತ್ತಾ, ಮತ್ತೆ ನಾನೇ ನಿಧಾನ ಅನ್ನುತ್ತಿದ್ದರಲ್ಲ. ಅಂದು ಬಸ್ಸಿನಲ್ಲಿ ಊರಿಗೆ ಹೋಗುವಾಗ ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು.

ಅದೇ ಹೊತ್ತಿಗೆ ಕೊಡೇಕಲ್ ಕಡೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಓಣಿಯವರು ಒಂದು ಸಣ್ಣ ಬುದ್ಧವಿಹಾರ ಕಟ್ಟಿ ಮುಗಿಸಿದ್ದರು. ಉದ್ಘಾಟನೆಗೆ ಬ್ಯಾನರ್ ಬೇಕಲ್ಲ, ಕೆಲಸ ನನ್ನ ಪಾಲಿಗೇ ಬಂತು. ಫೋಟೋ ಕೊಟ್ಟವನು ನಮ್ಮ ಕಾಕಾ, ಅಪ್ಪನ ತಮ್ಮ. ನೋಡಿದರೆ ಎಲ್ಲ ಗಂಡಸರೇ. ಚೌಕಟ್ಟಿನ ಹತ್ತಿರ ನಿಂತು ಹೀಗಿಡು ಹಾಗಿಡು ಅಂದವರು, ಸಂಜೆ ಬಂದು ನೋಡಿ ಹೋದವರು, ಒಂದು ದಿನವೂ ಬಾರದವರು. ಕೂಲಿ ಬಿಟ್ಟು ಮರಳು, ಜಲ್ಲಿ, ನೀರು ಹೊತ್ತವರು ನಮ್ಮವ್ವ ಮತ್ತು ಓಣಿಯ ಹೆಂಗಸರು. ಅವರಲ್ಲಿ ಒಬ್ಬಳ ಫೋಟೋವೂ ಇರಲಿಲ್ಲ.

"ಕಾಕಾ, ಹೊತ್ತ ತಲಿ ಎಲ್ಲಿ ಅದಾವ?" ಅಂತ ಕೇಳಿದೆ.

"ಹೆಣ್ಣಮಕ್ಕಳ ಫೋಟೋ ಯಾರ ಹತ್ರ ಇರ್ತಾವವ್ವ?" ಅಂದ.

ನಾನೇ ತೆಗೆದೆ. ಭಾನುವಾರ ವಿಹಾರದ ಸುಣ್ಣದ ಗೋಡೆಗೆ ಒಬ್ಬೊಬ್ಬರನ್ನೇ ನಿಲ್ಲಿಸಿದೆ. "ನಮ್ಮ ಮಾರಿ ಯಾರು ನೋಡ್ತಾರವ್ವ, ಹುಚ್ಚಿ ಇದ್ದಿ ನೋಡು," ಅನ್ನುತ್ತಲೇ ಹೋಗಿ ಮುಖ ತೊಳೆದು, ಕುಂಕುಮದ ಬಣ್ಣದ ಸೀರೆ ಉಟ್ಟು ಬಂದರು. ನಮ್ಮವ್ವ ಸೆರಗು ಹೊದ್ದು ಉಸಿರು ಹಿಡಿದು ನಿಂತಳು. ನಗು ಅಂದರೆ ಇನ್ನಷ್ಟು ಬಿಗಿದಳು. ಆಧಾರ್ ಕಾರ್ಡಿನ ಫೋಟೋ ಬಿಟ್ಟರೆ ಆಕೆಯ ಮುಖ ಬೇರೆಲ್ಲೂ ಅಚ್ಚಾಗಿರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಕಾಕಾ ನನ್ನ ಜೊತೆಯೇ ಶಹಾಪುರಕ್ಕೆ ಬಂದು ಬೆಂಚಿನ ಮೇಲೆ ಕೂತ. ಸಂಜೆ ಬಸ್ಸಿಗೆ ಬ್ಯಾನರ್ ಒಯ್ಯಬೇಕು, ಬೆಳಗ್ಗೆ ಕಟ್ಟಬೇಕು. ನಡುವೆ ಬುದ್ಧನನ್ನು ಕೂಡಿಸಿದೆ. ಗಂಡಸರ ಸಾಲು ಹೇಗೋ ಕೂತಿತು, ಬೆಸೆದೆ. ಹೆಂಗಸರ ಸಾಲಿಗೆ ಕೈ ಹಾಕಿದಾಗ ಮಷೀನ್ ನಿಂತಿತು. ಬಂದ್ ಮಾಡಿ ಚಾಲೂ ಮಾಡಿದೆ. ಮತ್ತೆ ನಿಂತಿತು. ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿ ನೋಡಿದೆ, ಒಂದೊಂದೇ ಮುಖವನ್ನು ಬೇರೆ ಕತ್ತರಿಸಿ ತಂದೆ. ಅರ್ಧ ಸಾಲಿಗೆ ಬಂದು ಮತ್ತೆ ಕಲ್ಲಾಯಿತು. ಮಧ್ಯಾಹ್ನ ಇಳಿಯತೊಡಗಿತ್ತು.

ಆಗ ಸಾವಕಾರರ ಫೋನು ಬಂತು. ಮೊಬೈಲಿನಲ್ಲಿ ನನ್ನ ಬೆನ್ನನ್ನೂ ಅದರಾಚೆಯ ಪರದೆಯನ್ನೂ ನೋಡುತ್ತಿದ್ದರಲ್ಲ, ಸುಮ್ಮನೆ ಕೂತದ್ದು ಕಂಡಿರಬೇಕು.

"ಏನ್ ತಂಗಿ, ಮುಂಜಾನಿಂದ ಒಂದೇ ಬ್ಯಾನರ್ ಹಿಡಕೊಂಡು ಕುಂತಿ?"

"ಹ್ಯಾಂಗ್ ಆಗಾಕತ್ತದ್ರಿ. ಕ್ಯಾಮೆರಾದ್ದು ಒಂದೀಟು ಹೊತ್ತು ಬಂದ್ ಮಾಡ್ಲ್ಯಾ?"

"ಅದಕ್ಕ ಕೈ ಹಚ್ಚಬ್ಯಾಡ. ತಲಿ ಕಡಿಮಿ ಮಾಡು. ಆ ಹೆಣ್ಣಮಕ್ಕಳ ತಲಿ ತಗದ ಒಗಿ, ಮಷೀನ್ ಹಗೂರ ಆಗ್ತದ."

ಫೋನಿನ ದನಿ ದೊಡ್ಡದಿತ್ತು, ಕಾಕಾನಿಗೂ ಕೇಳಿಸಿತು. ಅವನು ಗೋಡೆಯ ಗಡಿಯಾರ ನೋಡಿ ಮೆತ್ತಗೆ ಅಂದ, "ಹೋಗ್ಲಿ ಬಿಡವ್ವ. ಹೊತ್ತಾಗಾಕತ್ತದ. ಅವರದು ಮುಂದಿನ ಸಲ ಹಾಕಿದ್ರಾತು."

ಮುಂದಿನ ಸಲ! ನಮ್ಮ ಓಣಿಯಲ್ಲಿ ವಿಹಾರವನ್ನು ವರ್ಷಕ್ಕೊಮ್ಮೆ ಕಟ್ಟುತ್ತಾರೇನು? ಮುಖಂಡರ ಹುಟ್ಟುಹಬ್ಬದ ಆ ಮೀಸೆಗಳ ಕಾಡನ್ನು ಕೂಡಿಸುವಾಗ ಯಾರೂ ತಲೆ ಕಡಿಮೆ ಮಾಡು ಅನ್ನಲಿಲ್ಲ. ಇದೇ ಮಷೀನು, ಇದೇ ನಾಲ್ಕು ಜಿಬಿ, ಆಗ ಎಲ್ಲರಿಗೂ ಜಾಗವಿತ್ತು. ಮರಳಿನ ಬುಟ್ಟಿ ಹೊತ್ತವರು ಬಂದಾಗ ಮಾತ್ರ ಜಾಗ ಸಾಲದು. ಯಾವುದು ಸಾಲದಾದರೂ ಮೊದಲು ಏಳಬೇಕಾದವರು ಇವರೇ. ಊಟದ ಪಂಕ್ತಿಯಲ್ಲೂ ಇವರೇ, ಟಂಟಂ ಗಾಡಿಯಲ್ಲೂ ಇವರೇ, ಈಗ ಕಂಪ್ಯೂಟರಿನಲ್ಲೂ ಇವರೇ. ಬದುಕಿನಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಆ ಅಂಗಡಿಯಲ್ಲಿ ಅದು ನನ್ನ ಕಡೆಯ ಬ್ಯಾನರ್ ಆಗುತ್ತದೆಂದು ನನಗೆ ಆಗಲೇ ಗೊತ್ತಿತ್ತು. ಸಂಬಳ ನೆನಪಾಯಿತು, ಮನೆ ನೆನಪಾಯಿತು. ಮತ್ತೆ ಪರದೆಯ ಮೇಲೆ ಅರ್ಧ ಕತ್ತರಿಸಿಕೊಂಡು ನಿಂತಿದ್ದ ನಮ್ಮವ್ವ ಕಂಡಳು. ಉಸಿರು ಹಿಡಿದವಳು ಇನ್ನೂ ಬಿಟ್ಟಿರಲಿಲ್ಲ.

ಕ್ಯಾಮೆರಾದ ಸಾಫ್ಟ್‌ವೇರ್ ತೆರೆದು, ಮೂರೂ ಚೌಕಗಳನ್ನು ನೋಡಿ, ಬಂದ್ ಮಾಡಿದೆ.

ಮಷೀನ್ ಎಚ್ಚರಾಯಿತು. ಚಕ್ರ ತಿರುಗುವುದು ನಿಂತು ಬಾಣ ನನ್ನ ಕೈಗೆ ಬಂತು. ಒಬ್ಬೊಬ್ಬರನ್ನೇ ತಂದು ಕೂಡಿಸಿದೆ. ನಮ್ಮವ್ವ, ಆಕೆಯ ಪಕ್ಕ ಕಾಕಾನ ಹೆಂಡತಿ, ಅವರ ಪಕ್ಕ ಉಳಿದವರು, ಯಾರೂ ಬಿಟ್ಟುಹೋಗದಂತೆ. ಬುದ್ಧನ ಪಾದದ ಕೆಳಗೆ, ಗಂಡಸರ ಸಾಲಿಗಿಂತ ಮೇಲೆ ಇಟ್ಟೆ. ಬೆಂಚಿನಿಂದ ಎದ್ದು ಬಂದ ಕಾಕಾ ಪರದೆಗೆ ಬಗ್ಗಿ ತನ್ನ ಹೆಂಡತಿಯ ಮುಖವನ್ನೇ ನೋಡಿದ. ಬ್ಯಾನರನ್ನು ಪ್ರಿಂಟಿಗೆ ಕೊಟ್ಟೆ.

ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮಷೀನ್ ಕಲ್ಲಾಗಿ ನಿಂತಾಗ ಒಮ್ಮೆಯೂ ಎತ್ತದ ಮನುಷ್ಯ, ಕ್ಯಾಮೆರಾ ಕತ್ತಲಾದ ಮೇಲೆ ಬಿಡುವಿಲ್ಲದೆ ಹಚ್ಚುತ್ತಿದ್ದರು. ಪ್ರಿಂಟರ್ ಸದ್ದು ಮಾಡಿ ಮೊದಲ ಗೆರೆ ಎಳೆಯಲು ಶುರು ಮಾಡಿದ ಮೇಲೆ ಎತ್ತಿದೆ.

"ಏಯ್, ಏನ್ ಮಾಡೀದಿ? ನನಗ ಏನೂ ಕಾಣವಲ್ದು ಇಲ್ಲಿ!"

"ನೀವೇ ತಲಿ ಕಡಿಮಿ ಮಾಡು ಅಂದ್ರೆಲ್ರಿ ಸಾವಕಾರ್ರ," ಅಂದೆ. "ಒಂದು ಕಡಿಮಿ ಮಾಡೇನಿ ನೋಡ್ರಿ. ನಂದು."