ಬಾಯಾರು ತಿರುವಿ ಓದಿದ ಅಂಕಿ

ಹೋದ ವಾರ ಕಪಾಟು ಖಾಲಿ ಮಾಡುವಾಗ ಹಳೆಯ ಕರದಂಟಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಕಪ್ಪು ಸ್ಪಂಜಿಗೆ ಚುಚ್ಚಿಟ್ಟ ಕಂಪ್ಯೂಟರ್ ಚಿಪ್ಪುಗಳು, ವಾಸನೆ ಮಾತ್ರ ಇನ್ನೂ ಬೆಲ್ಲ, ಅಂಟು, ಒಣಕೊಬ್ಬರಿಯದು. ನಮ್ಮ ಬಾಯಾರು ಖಾಲಿಯಾದ ಯಾವ ಡಬ್ಬಿಯನ್ನೂ ತೊಳೆಯುತ್ತಿರಲಿಲ್ಲ, ಹಾಗೇ ಚಿಪ್ಪು ತುಂಬಿ ಇಡುತ್ತಿದ್ದರು. ಇರುವೆ ಮುತ್ತುತ್ತವೆ ಎಂದರೆ, ಮುತ್ತಲಿ ಬಿಡು, ಅವೂ ನಾಲ್ಕಕ್ಷರ ಕಲಿಯಲಿ ಎನ್ನುತ್ತಿದ್ದರು.

ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಬಾಯಾರೇ. ಇವರು ನನಗೆ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸಿದವರು. ಆಮೇಲೆ ಆ ನೌಕರಿ ಬಿಟ್ಟು ಗೋಕಾಕದ ಪೇಟೆಯಲ್ಲಿ ಅರಿವೆ ಅಂಗಡಿಯ ಮಾಳಿಗೆ ಹಿಡಿದು ವರ್ಕ್‌ಶಾಪ್ ಹಾಕಿದರು. ನಾನೂ ಹೋಗಿ ಸೇರಿಕೊಂಡೆ. ಸುತ್ತಲಿನ ಕಾರ್ಖಾನೆಗಳ ಹಳೆಯ ಕಂಟ್ರೋಲ್ ಪೆಟ್ಟಿಗೆಗಳು ನಮ್ಮ ರೋಗಿಗಳು. ಅವನ್ನು ಮಾಡಿದ ಕಂಪನಿಗಳು ಎಂದೋ ಮುಚ್ಚಿದ್ದವು, ಕಾಗದಪತ್ರಗಳು ಗೆದ್ದಲಿನ ಪಾಲಾಗಿದ್ದವು.

ಕಬ್ಬು ನುರಿಸುವ ಹಂಗಾಮಿನಲ್ಲಿ ಯಂತ್ರ ನಿಲ್ಲಿಸಿ ಪರೀಕ್ಷೆ ಮಾಡುತ್ತೇವೆಂದರೆ ಕಾರ್ಖಾನೆಯವರು ಕೋಲು ಹಿಡಿಯುತ್ತಾರೆ. ಅದಕ್ಕೆ ನಾವು ಹಳೆಯ ಚಿಪ್ಪಿನ ಪ್ರೋಗ್ರಾಮನ್ನು ನಕಲು ಮಾಡಿಕೊಂಡು ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಮೇಲೆ ಓಡಿಸುತ್ತಿದ್ದೆವು. ಎಮ್ಯುಲೇಟರ್ ಎಂದರೆ ಇಲ್ಲದ ಯಂತ್ರವನ್ನು ಇದ್ದಂತೆ ನಟಿಸುವ ಸಾಫ್ಟ್‌ವೇರ್. ಬೇಕಾದಲ್ಲಿ ಅದನ್ನು ತಡೆದು ನಿಲ್ಲಿಸಿ, ಪ್ರೊಸೆಸರ್ ಆ ಗಳಿಗೆಗೆ ಅಂಗೈಯಲ್ಲಿ ಹಿಡಿದ ಅಂಕಿ ಯಾವುದೆಂದು ನೋಡುತ್ತಿದ್ದೆವು. ಆ ಅಂಗೈಗೆ ರಿಜಿಸ್ಟರ್ ಎಂದು ಹೆಸರು. ತೊಡಕು ಅಲ್ಲೇ. ಹಳೆಯ ಯಂತ್ರ ಅಂಕಿಯನ್ನು ಎರಡೆರಡರ ಜೋಡಿ ಮಾಡಿ ದೊಡ್ಡ ಭಾಗವನ್ನು ಮೊದಲು ಇಟ್ಟರೆ, ನಮ್ಮ ಲ್ಯಾಪ್‌ಟಾಪ್ ಸಣ್ಣ ಭಾಗವನ್ನು ಮೊದಲು ಇಡುತ್ತದೆ. ಹಾಗಾಗಿ 18 50 ಎಂದಿರಬೇಕಾದದ್ದು ಪರದೆಯ ಮೇಲೆ 50 18 ಎಂದು ಕಾಣುತ್ತಿತ್ತು. ನಾವೇ ಕಣ್ಣಲ್ಲಿ ತಿರುವಿಕೊಳ್ಳಬೇಕು.

ಅದಕ್ಕೆ ಬಾಯಾರು ಒಂದು ಪದ್ಧತಿ ಮಾಡಿದ್ದರು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ತಿರುವುವುದು ಓದುವವರ ಕೆಲಸ, ಬರೆಯುವವರು ಕೇಳಿದ್ದನ್ನು ಕೇಳಿದಂತೆ ಬರೆಯಬೇಕು. ಇಬ್ಬರೂ ಜಾಣರಾದರೆ ಅಂಕಿ ಮತ್ತೆ ಉಲ್ಟಾ ಆಗುತ್ತದಲ್ಲ. ಓದುವವರು ಯಾವಾಗಲೂ ಅವರೇ. ಸೇರಿದ ಹೊಸದರಲ್ಲಿ ನಾನೊಮ್ಮೆ ನಾನೇ ತಿರುವಲು ಹೋಗಿ 50 18 ಇದ್ದದ್ದನ್ನು 81 05 ಎಂದು ಹಿಂದುಮುಂದು ಮಾಡಿ ಕೂತಾಗ ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ಜೋಡಿ ಹಿಂದ ಮುಂದ ಆಗ್ತಾವು ತಮ್ಮಾ, ಜೋಡಿ ಒಳಗಿಂದು ತಿರಗೂದಿಲ್ಲ. ಎಡಗಡೆ ಎತ್ತು ಬಲಕ್ಕ ಕಟ್ಟಿದ್ರ ನಡೀತೈತೇನು?"

ಮಮದಾಪುರದ ಒಕ್ಕಲುತನದ ಮನೆಯ ಮಗಳು ಅವರು. ಎತ್ತಿನ ಮಾತು ಬಂದರೆ ಯಾರೂ ಎದುರಾಡುವಂತಿರಲಿಲ್ಲ.

ಹುಕ್ಕೇರಿ ಕಡೆಯ ಒಂದು ಕೆಲಸದ ಹೊತ್ತಿಗೆ ಬಾಯಾರು ಇದ್ದಕ್ಕಿದ್ದಂತೆ ಓದುವುದನ್ನು ನನಗೆ ವಹಿಸಿದರು. ಚಾಳೀಸು ಬಂದಿದೆ, ಪರದೆ ಮಂಜಾಗಿ ಕಾಣುತ್ತದೆ, ನೀನೇ ಓದು ಎಂದರು. ನನಗೋ ಬಡ್ತಿ ಸಿಕ್ಕಷ್ಟು ಖುಷಿ. ಆ ಹಂಗಾಮೆಲ್ಲ ನಾನು ಓದಿದೆ, ಅವರು ಬರೆದರು. ನಡುನಡುವೆ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಿದ್ದರು. ಕನ್ನಡಕ ಬದಲಿಸಿರಿ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ...

ಮುಂದಿನ ಹಂಗಾಮಿಗೆ ಮೂಡಲಗಿ ಹತ್ತಿರದ ಕಾರ್ಖಾನೆಯೊಂದರಿಂದ ಕರೆ ಬಂತು. ಬಾಯ್ಲರಿನ ಹಳೆಯ ಪೆಟ್ಟಿಗೆ ಸಾಯುತ್ತಿತ್ತು, ಹೊಸದನ್ನು ಕೂಡಿಸಬೇಕಿತ್ತು. ಉಗಿಯ ಒತ್ತಡ ಎಷ್ಟಾದಾಗ ಎಚ್ಚರಿಕೆಯ ಗಂಟೆ ಹೊಡೆಯಬೇಕು ಎಂಬ ಅಂಕಿ ಹಳೆಯ ಪ್ರೋಗ್ರಾಮಿನೊಳಗೆ ಮಾತ್ರ ಉಳಿದಿತ್ತು. ಎಮ್ಯುಲೇಟರನ್ನು ಸರಿಯಾದ ಜಾಗದಲ್ಲಿ ತಡೆದು ನಿಲ್ಲಿಸಿದೆವು. ಅಷ್ಟರಲ್ಲಿ ಆಪರೇಟರ್ ವೈರಿಂಗ್ ತೋರಿಸಲು ನನ್ನನ್ನು ಪ್ಯಾನೆಲ್ ಕಡೆಗೆ ಕರೆದ. ಇತ್ತ ಕಾರ್ಖಾನೆಯ ಎಂಜಿನಿಯರ್ ಅಂಕಿ ಕೇಳಿದರು, ಬಾಯಾರೇ ಓದಿ ಹೇಳಿದರು. ಇಪ್ಪತ್ತೊಂದು ಎಂಬ ಮಾತು ನನ್ನ ಕಿವಿಗೂ ಬಿತ್ತು.

ನಾನು ತಿರುಗಿ ಬಂದಾಗ ಎಂಜಿನಿಯರ್ ಹೊಸ ಪೆಟ್ಟಿಗೆಯಲ್ಲಿ 21 ಒತ್ತಿದ್ದರು, ಖಾಯಂ ಮಾಡುವ ಗುಂಡಿಯ ಮೇಲೆ ಬೆರಳಿತ್ತು. ಪರದೆಯ ಮೇಲೆ ಇದ್ದದ್ದು 12. ಒಂದೇ ಜೋಡಿ. ತಿರುವಲು ಅಲ್ಲಿ ಏನೂ ಇರಲಿಲ್ಲ. ಹನ್ನೆರಡಕ್ಕೆ ಹೊಡೆಯಬೇಕಾದ ಗಂಟೆ ಇಪ್ಪತ್ತೊಂದರವರೆಗೆ ಸುಮ್ಮನಿರುತ್ತಿತ್ತು. ಎಂಜಿನಿಯರರ ಕೈ ಹಿಡಿದುಬಿಟ್ಟೆ.

"ತಿರುವೇನಲ್ಲೋ ನಾ," ಎಂದರು ಬಾಯಾರು.

"ಅದು ಒಂದ ಜೋಡಿ ಐತ್ರಿ ಬಾಯಾರ."

ಅವರು ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. ಹನ್ನೆರಡು ಎಂಬ ಅಂಕಿ ಅವರಿಗೆ ಕಾಣುತ್ತಲೇ ಇರಲಿಲ್ಲ. ಯಾವ ಯಂತ್ರವೂ ಹೀಗೆ ತಿರುವುವುದಿಲ್ಲ, ನನಗೆ ಅದನ್ನು ಕಲಿಸಿದವರೇ ಅವರು. ಬಾಯ್ಲರ್ ಸಿಡಿದಿದ್ದರೆ ಎಂಬ ಭಯಕ್ಕಿಂತ ಆ ಮುಖ ನೋಡಿಯೇ ನಾನು ಹೆಚ್ಚು ಹೆದರಿದೆ.

ಅಂಕಿ ಸರಿಮಾಡಿ, ಚಹಾ ಕೂಡ ಕುಡಿಯದೆ ಹೊರಟೆವು. ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಕಾರು ಸಿಕ್ಕಿಬಿದ್ದು ನಿಂತಾಗ ಅವರೇ ಬಾಯಿ ಬಿಟ್ಟರು.

"ನನಗ ಗೊತ್ತಿತ್ತೋ. ಅದಕ್ಕ ನಿನಗ ಓದಾಕ ಹಚ್ಚಿದ್ದೆ."

ಚಾಳೀಸು ಸುಳ್ಳು. ಹುಕ್ಕೇರಿಗಿಂತ ಮೊದಲೇ ಅಂಕಿಗಳು ತಲೆಯಲ್ಲಿ ಅದಲುಬದಲಾಗುತ್ತಿದ್ದವಂತೆ. ಎಡಗಾಲಿನ ಚಪ್ಪಲಿಗೆ ಬಲಗಾಲು ಹಾಕುತ್ತಿದ್ದರಂತೆ. ಯಾರಿಗಾದರೂ ತಿಳಿದರೆ ಮನೆಯಲ್ಲಿ ಕೂಡಿಸುತ್ತಾರೆ, ಕೆಲಸ ಬಿಟ್ಟು ತಾನು ಬದುಕುವುದಾದರೂ ಹೇಗೆ ಎಂದರು. ದಿನವೂ ಒಂದೇ ಮೇಜಿಗೆ ಕೂತು, ಒಂದೇ ಡಬ್ಬಿಯ ರೊಟ್ಟಿ ಹಂಚಿಕೊಂಡು ತಿಂದ ನನಗೆ ಇದರ ಸುಳಿವೇ ಇರಲಿಲ್ಲ.

ಕಾರನ್ನು ನೆಟ್ಟಗೆ ಘಟಪ್ರಭಾದ ಆಸ್ಪತ್ರೆಗೆ ಹೊಡೆದೆ. ಇದು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ಬಾಯಾರು ಕಣ್ಣು ಸಹ ಮಿಟುಕಿಸದೆ, "ಮೊನ್ನಿಯಿಂದ್ರಿ" ಎಂದರು. ಹುಟ್ಟಿದ ಮೇಲೆ ಮೊದಲ ಸಲ, ಅವರ ಮಾತಿಗೆ ಅಡ್ಡ ಬಂದು ಇದ್ದದ್ದನ್ನೆಲ್ಲ ಹೇಳಿದೆ. ಬಾಯಾರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಮಿದುಳಿನ ಎಡಭಾಗದಲ್ಲಿ ಗಡ್ಡೆ. ಹೋದ ಹಂಗಾಮಿನಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಬೆಳಗಾವಿಯ ಡಾಕ್ಟರು. ಆಪರೇಷನ್ ಆಯಿತು, ಉಪಯೋಗವಾಗಲಿಲ್ಲ. ಮುಂದಿನ ಹಂಗಾಮಿಗೆ ಬಾಯಾರು ಇರಲಿಲ್ಲ...

ಅವರ ಮೇಲೆ ನನಗಿನ್ನೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಹೇಳುವವರಿಗೇನು, ಅವರು ಬಾಯಾರ ಬಾಜೂ ಕೂತವರಲ್ಲ. ಅವರಂಥ ಗುರು ಮತ್ತೆ ನನಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ.

ವರ್ಕ್‌ಶಾಪ್ ಈಗ ನನ್ನದು. ಜೊತೆಗೆ ಕೆಲಸ ಮಾಡುವವಳು ಯಮಕನಮರಡಿಯ ಹೆಣ್ಣುಮಗಳು, ಚುರುಕು. ಮೊನ್ನೆ ಅಂಕಿಗಳನ್ನು ಓದುತ್ತ ಓದುತ್ತ 34 ಇದ್ದದ್ದನ್ನು 43 ಎಂದಳು. ನಾನು ಎದ್ದು ನಿಂತಿದ್ದೆ.

"ಯಾವಾಗಿಂದ?" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ರಾತ್ರಿ ನಿದ್ದೆ ಇಲ್ಲ, ಬಾಯಿ ತಪ್ಪಿತು ಎಂದು ನಕ್ಕಳು. ಅವಳು ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಇನ್ನೊಮ್ಮೆ ಓದಿ ಮುಗಿಸುವ ತನಕ ನನಗೆ ಕೂಡಲು ಆಗಲಿಲ್ಲ.