ಭಾವನ ಬಂಡಿಗೆ ಪರದೆ ಒಳಗೋ ಹೊರಗೋ

ನನ್ನ ಭಾವ ತೀರ್ಥಪ್ಪನವರಿಗೆ ಮನೆಯೊಳಗೆ ನಿದ್ದೆ ಬರುವುದಿಲ್ಲ. ಇದು ರೋಗವಲ್ಲ, ರೂಢಿ. ಕಡೂರು ಡಿಪೋದಲ್ಲಿ ಬಸ್ಸು ಓಡಿಸಿಕೊಂಡಿದ್ದವರು. ಸರ್ವಿಸಿನ ಬಹುಪಾಲು ಹಾಲ್ಟಿಂಗ್ ಬಸ್ಸಿನಲ್ಲೇ ಕಳೆಯಿತು. ಹಾಲ್ಟಿಂಗ್ ಅಂದರೆ ಸಂಜೆ ಕೊನೆಯ ಟ್ರಿಪ್ಪಿಗೆ ಚೌಳಹಿರಿಯೂರಿಗೋ ಇನ್ನೊಂದು ಹಳ್ಳಿಗೋ ಹೋಗಿ, ರಾತ್ರಿ ಬಸ್ಸಿನಲ್ಲೇ ಮಲಗಿ, ಬೆಳಿಗ್ಗೆ ಕಾಲೇಜು ಮಕ್ಕಳನ್ನು ತುಂಬಿಕೊಂಡು ವಾಪಸು ಬರುವುದು. ಹಿಂದಿನ ಉದ್ದ ಸೀಟೇ ಮಂಚ, ಮಡಿಸಿದ ಖಾಕಿ ಅಂಗಿಯೇ ದಿಂಬು. ಅದರ ಮೇಲೆ ಮಹಾರಾಜರ ಹಾಗೆ ಮಲಗುತ್ತಿದ್ದರಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ನಮ್ಮಕ್ಕ ಕರಿಬಸಮ್ಮ ಅದನ್ನು ಕಂಡವಳಲ್ಲ. ಅವಳು ಕಡೂರಿನ ಮನೆಯಲ್ಲಿ ಅಗುಳಿ ಹಾಕಿಕೊಂಡು ಒಬ್ಬಳೇ ಮಲಗುತ್ತಿದ್ದಳು. ಯಜಮಾನರೆಲ್ಲಿ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಅವ್ರಿಗೆ ಹಾಲ್ಟಿಂಗ್."

ಭಾವ ರಿಟೈರಾದರು. ಹಾರ ಹಾಕಿಸಿಕೊಂಡು, ಶಾಲು ಹೊದ್ದುಕೊಂಡು ಮನೆಗೆ ಬಂದರು. ಅಕ್ಕ ಆಸೆಪಟ್ಟು ಹೊಸ ಜೋಡಿಮಂಚ ಮಾಡಿಸಿಟ್ಟಿದ್ದಳು. ವಾರ ಕಳೆಯುವುದರೊಳಗೆ ಭಾವ ಆ ಮಂಚದ ಮೇಲೆ ಹೊರಳಾಡಿ ಹೊರಳಾಡಿ ಹಣ್ಣಾದರು. ಆಮೇಲೆ ಯಾರನ್ನೂ ಕೇಳದೆ ಒಂದು ಹಳೇ ಟೆಂಪೋ ಟ್ರಾವೆಲರ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಗ್ಯಾರೇಜಿನ ಓಂಕಾರೇಶನಿಂದ ಸೀಟು ಬಿಚ್ಚಿಸಿ, ಮಂಚ ಕೂರಿಸಿ, ಪಾತ್ರೆಗೆ ಒಂದು ಗೂಡು, ಒಲೆಗೆ ಒಂದು ಕಟ್ಟೆ ಮಾಡಿಸಿದರು. ಊರು ಸುತ್ತುವುದಕ್ಕೆ ಎಂದರು. ಊರು ಸುತ್ತುವ ಮೊದಲೇ ದಿಂಬು ಎತ್ತಿಕೊಂಡು ಹೋಗಿ ಅದರಲ್ಲಿ ಮಲಗಲು ಶುರು ಮಾಡಿದರು.

ಅಕ್ಕ ನನಗೆ ಫೋನು ಮಾಡಿ, "ಅಂಗಳದಲ್ಲೇ ಹಾಲ್ಟಿಂಗ್ ಹಾಕವ್ರೆ ಕಣೇ ಹೇಮಾ, ಈಗ ಕೇಳಿದೋರಿಗೆ ಏನಂತ ಹೇಳ್ಲಿ?" ಎಂದು ನಕ್ಕಳು. ಆ ನಗೆ ನನಗೆ ಗೊತ್ತು. ಅಳುವುದಕ್ಕೆ ಸ್ವಲ್ಪ ಮುಂಚೆ ಬರುವ ನಗೆ ಅದು. ನನಗೆ ಭಾವನ ಮೇಲೆ ಎಲ್ಲಿತ್ತೋ ಸಿಟ್ಟು. ತರೀಕೆರೆಯ ನನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ, ಮದುವೆ ಬ್ಲೌಸುಗಳನ್ನೆಲ್ಲ ಹಾಗೇ ಬಿಟ್ಟು ಬಸ್ಸು ಹತ್ತಿದೆ.

ನಾನು ಬಾಯಿ ತೆರೆದರೆ ಮುಚ್ಚುವವಳಲ್ಲ. ಜೀವಮಾನವೆಲ್ಲ ಕಾದವಳನ್ನು ಇನ್ನೂ ಕಾಯಿಸುತ್ತೀರಲ್ಲ ಎಂದು ಅಂಗಳದಲ್ಲೇ ನಿಲ್ಲಿಸಿಕೊಂಡು ದಬಾಯಿಸಿದೆ. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ, "ಅವ್ಳನ್ನ ಕರ್ಕೊಂಡು ಹೋಗೋಕೇ ಕಣಮ್ಮಾ ತಗೊಂಡಿದ್ದು. ಕೇಳೋಕೆ ನಾಚ್ಕೆ ಆಯ್ತು," ಎಂದರು. ನೋಡಿ, ಇಂಥ ಗಂಡಸರನ್ನು ಏನು ಮಾಡುವುದು?

ಅಕ್ಕನೇ ತೀರ್ಮಾನ ಕೊಟ್ಟಳು. ತಾನೂ ಬರುತ್ತೇನೆ, ಆ ಬಂಡಿಯಲ್ಲಿ ತನಗೆ ನಿದ್ದೆ ಬಂದರೆ ಬಂಡಿ ಇರಲಿ. ಬರದಿದ್ದರೆ ಶಾಲೆ ಮಕ್ಕಳನ್ನು ಕರೆದೊಯ್ಯಲು ಬಂಡಿ ಹುಡುಕುತ್ತಿರುವ ಅಜ್ಜಂಪುರದ ಪರಮೇಶನಿಗೆ ಅದನ್ನು ಕೊಟ್ಟುಬಿಡಬೇಕು, ನಿದ್ದೆ ಬರಲಿ ಬಿಡಲಿ ಭಾವ ಮನೆಯಲ್ಲೇ ಮಲಗಬೇಕು. ಭಾವ ಒಪ್ಪಿದರು. ಒಪ್ಪದೆ ಎಲ್ಲಿಗೆ ಹೋಗುತ್ತಾರೆ?

ಮೊದಲ ಸವಾರಿ ಸಖರಾಯಪಟ್ಟಣದಾಚೆ ಅಯ್ಯನಕೆರೆಗೆ. ಬೇಸಗೆಯ ನಡುಮಧ್ಯಾಹ್ನ. ಬುತ್ತಿ ಉಂಡು ಅಡ್ಡಾಗೋಣವೆಂದರೆ ಆ ಬಂಡಿಗೆ ಸುತ್ತಲೂ ಗಾಜು, ಸುತ್ತಲೂ ಬಿಸಿಲು. ಭಾವ ಹಾಲ್ಟಿಂಗ್ ಬುದ್ಧಿ ತೋರಿಸಿ ಹಳೇ ಪೇಪರು ನೆನೆಸಿ ಗಾಜಿಗೆ ಅಂಟಿಸಿದರು. ಅದು ಒಣಗಿ ಒಂದೊಂದಾಗಿ ಅಕ್ಕನ ಮುಖದ ಮೇಲೆ ಬಿತ್ತು. ಅಕ್ಕ ಎದ್ದಳು, ಚೀಲ ಹಿಡಿದಳು, ಸಿಕ್ಕಿದ ಆಟೋ ಹಿಡಿದು ಸಖರಾಯಪಟ್ಟಣಕ್ಕೆ ಬಂದಳು, ಆಧಾರ್ ಕಾರ್ಡು ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಫ್ರೀಯಾಗಿ ಮನೆ ಸೇರಿದಳು. ಗಂಡ ಓಡಿಸುತ್ತಿದ್ದ ರೂಟಿನಲ್ಲೇ, ಗಂಡನಿಲ್ಲದೆ.

ಮಾರನೆಯ ದಿನ ಭಾವ ಅಕ್ಕನಿಂದ ಇನ್ನೊಂದು ಅವಕಾಶ ಬೇಡಿಕೊಂಡು ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ತಗಡಿನ ಚಾವಣಿಯ ಕೆಳಗೆ ಹೊಡೆಯುತ್ತಾರಲ್ಲ, ಆ ಬೆಳ್ಳಿ ಬಣ್ಣದ ಗುಳ್ಳೆ ಶೀಟಿನ ಸುರುಳಿ. ಎರಡೂ ಕಡೆ ಬಟ್ಟೆ ಕೊಟ್ಟು ಕಿಟಕಿಗೊಂದು ಪರದೆ ಹೊಲಿದುಕೊಡಬೇಕಂತೆ. ಒಳಗೆ ಹಾಕುವುದೋ ಹೊರಗೋ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದರು. ಒಳಗೆ ಹಾಕಿದರೆ ಮಂಚದ ಮೇಲೆ ಕೂತೇ ಕೈ ಚಾಚಿ ಸಿಕ್ಕಿಸಬಹುದು, ಮಳೆಯಲ್ಲಿ ಇಳಿಯುವ ಹಾಗಿಲ್ಲ, ಯಾರೂ ಕದಿಯುವುದಿಲ್ಲ, ರಾತ್ರಿ ಏನಾದರೂ ಆದರೆ ಕಿತ್ತೆಸೆದು ಬಂಡಿ ತಿರುಗಿಸಿಕೊಂಡು ಹೊರಡಬಹುದು. ಇದು ಅವರ ವಾದ. ನನ್ನದು ಒಂದೇ ಮಾತು. ಜಗಲಿಗೆ ಬಿಸಿಲು ಹೊಡೆದರೆ ತೆಂಗಿನ ಗರಿಯ ತಡಿಕೆಯನ್ನು ಹೊರಗೆ ಕಟ್ಟುತ್ತೇವೆಯೇ ಹೊರತು ನಡುಮನೆಯೊಳಗೆ ಕಟ್ಟುವುದಿಲ್ಲ. ಗಾಜು ಕಾದ ಮೇಲೆ ಒಳಗೆ ಪರದೆ ಎಳೆದು ಏನು ಬಂತು?

"ನಿಂಗೆ ಬ್ಲೌಸ್ ಗೊತ್ತು, ನಂಗೆ ಬಸ್ ಗೊತ್ತು," ಎಂದರು ಭಾವ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಳಾಗಿ ಹೋಗಲಿ ಎಂದು ಒಳಗಿನದನ್ನೇ ಹೊಲಿದೆ. ಮೂಲೆಗಳಿಗೆ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು ಇಟ್ಟೆ. ಸುಳ್ಳು ಹೇಳಬಾರದು, ನೋಡಲು ಚಂದವಾಗಿಯೇ ಇತ್ತು. ಬೀದಿಯವರ ಕಣ್ಣು ಒಳಗೆ ಬೀಳುತ್ತಿರಲಿಲ್ಲ, ಕತ್ತಲೂ ಚೆನ್ನಾಗಿ ಆಗುತ್ತಿತ್ತು. ಆ ಹುರುಪಿನಲ್ಲೇ ಇಬ್ಬರೂ ಕೆಮ್ಮಣ್ಣುಗುಂಡಿಗೆ ಹೊರಟರು. ತಂಪಿನ ಜಾಗ, ಅಲ್ಲಾದರೂ ನಿದ್ದೆ ಬಂದೀತು ಎಂದು ನಾನೂ ಹಾರೈಸಿದೆ.

ಅಲ್ಲಿ ಬಿಸಿಲಿನ ಕಾಟವಿರಲಿಲ್ಲ, ಚಳಿಯ ಕಾಟವಿತ್ತು. ಹೊರಗೆ ಗಾಜು ತಣ್ಣಗೆ ಕೊರೆಯುತ್ತಿತ್ತು, ಒಳಗೆ ಇಬ್ಬರ ಉಸಿರು. ಆ ಉಸಿರೆಲ್ಲ ಪರದೆಯ ಹಿಂದೆ ಹೋಗಿ ಗಾಜಿನ ಮೇಲೆ ನೀರಾಗಿ ಸುರಿದಿದೆ. ಬೆಳಗಾಗುವಾಗ ಅಕ್ಕನ ದಿಂಬು, ಸೆರಗು, ಅರ್ಧ ಹಾಸಿಗೆ ತೊಪ್ಪೆ. ಭಾವ ಮಾತ್ರ ಆ ಬದಿಯಲ್ಲಿ ಬೆಚ್ಚಗೆ ಗೊರಕೆ. ಅಕ್ಕ ಬೈಯಲಿಲ್ಲ. ಹಾಸಿಗೆಯನ್ನು ಬಂಡೆಯ ಮೇಲೆ ಒಣಗಹಾಕಿ, ಕಣಿವೆಯನ್ನು ತುಂಬ ಹೊತ್ತು ನೋಡಿದಳಂತೆ. ಆಮೇಲೆ, "ಜಾಗ ಚೆನ್ನಾಗೈತೆ. ಊರಿಗೆ ಹೋದ್ಮೇಲೆ ಪರಮೇಶಂಗೆ ಫೋನ್ ಮಾಡಿ," ಎಂದಳಂತೆ.

ಬೆಟ್ಟ ಇಳಿದವರು ನೇರ ನನ್ನ ಅಂಗಡಿ ಮುಂದೆ ಬಂದು ನಿಂತರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಭಾವ ಮಿಷನ್ನಿನ ಪಕ್ಕ ನಿಂತು, ಗಾಜಿಗೆ ಚಳಿ ತಾಕದ ಹಾಗೆ ಹೊರಗಿನದನ್ನೇ ಹೊಲಿದುಬಿಡು ಎಂದು ಮೆಲ್ಲಗೆ ಹೇಳಿದರು. ಬಸ್ಸಿನ ವಿಷಯ ನನಗೇನು ಗೊತ್ತು ಎಂದು ಒಂದು ಚುಚ್ಚಿದೆ. ಆದರೆ ಅವರ ಮುಖ ನೋಡಿ ಎರಡನೆಯದನ್ನು ಚುಚ್ಚಲು ಮನಸ್ಸು ಬರಲಿಲ್ಲ. ಅಕ್ಕನಿಗೆ ಟೀ ತರಿಸಿಕೊಟ್ಟು, ಇದೊಂದು ಸಲ ಎಂದು ಗೋಗರೆದೆ. ಇದೇ ಕೊನೆಯದು ಎಂದಳು.

ಈ ಸಲ ಜೀವ ಕೊಟ್ಟು ಹೊಲಿದೆ. ಮೇಲೆ ಲಾರಿ ಟಾರ್ಪಾಲು, ನಡುವೆ ಬೆಳ್ಳಿ ಶೀಟು, ಒಳಬದಿಗೆ ಗಾಜು ತರಚದಂತೆ ಹಳೇ ರಗ್ಗಿನ ಬಟ್ಟೆ. ಮುಂದಿನ ದೊಡ್ಡ ಗಾಜಿನದಕ್ಕೆ ಎರಡು ಕಿವಿ ಬಿಟ್ಟೆ, ಅವನ್ನು ಮುಂದಿನ ಬಾಗಿಲುಗಳ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಿದರೆ ಗಾಳಿಗೆ ಹಾರುವುದಿಲ್ಲ. ಪಕ್ಕದವಕ್ಕೆ ಎಲಾಸ್ಟಿಕ್ಕು, ಕೊಕ್ಕೆ. ಕಡೂರಿಗೆ ಒಯ್ದು, ಅಂಗಳದ ಉರಿಬಿಸಿಲಿನಲ್ಲಿ ನಿಂತ ಬಂಡಿಗೆ ನಾನೇ ತೊಡಿಸಿದೆ. ಅಕ್ಕ ಉಂಡು, ನೋಡೋಣವೆಂದು ಒಳಗೆ ಹೋಗಿ ಅಡ್ಡಾದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಭಾವ ಮನೆಯ ಮೆಟ್ಟಿಲ ಮೇಲೆ ಕೂತು, ಗೇಟಿನಲ್ಲಿ ಕೂಗುತ್ತಿದ್ದ ತರಕಾರಿಯವನಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡುತ್ತಿದ್ದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ಅವರ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ರಾತ್ರಿ ಇಬ್ಬರೂ ಬಂಡಿಯಲ್ಲೇ ಮಲಗಿದರು. ಜೋಡಿಮಂಚದ ಮೇಲೆ ನಾನು ಒಬ್ಬಳೇ. ಬೆಳಿಗ್ಗೆ ಅಕ್ಕ ಎದ್ದು ಬಂದು, ಹಾಸಿಗೆ ಒಣಗಿಯೇ ಇದೆ ಎಂದು ವರದಿ ಕೊಟ್ಟಳು. ನಾವಿಬ್ಬರೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಡೀಸೆಲ್ ಹಾಕಿಸಿಕೊಂಡು ಬರುತ್ತೇನೆ ಎಂದು ಭಾವ ಮುಂದಿನ ಗಾಜಿನ ಪರದೆ ತೆಗೆದರು, ತಮ್ಮ ಬದಿಯವನ್ನು ತೆಗೆದರು, ಸೀಟಿಗೆ ಹತ್ತಿದರು, ಗೇರು ಹಾಕಿದರು, ಹೊರಟೇಬಿಟ್ಟರು. ಎಡಗಡೆಯವು ಎಲ್ಲವೂ ಹಾಗೇ ಇವೆ! ನಾವು ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಡೀಸೆಲ್ ಹಾಕಿಸದೆಯೇ ವಾಪಸು ಬಂದಾಗ ಹಿಂದಿನ ಎಡಗಿಟಕಿಯದು ಅವರ ಕೈಯಲ್ಲಿತ್ತು. ಬೀರೂರು ರಸ್ತೆಯಲ್ಲಿ ಹಾರಿಹೋಗಿ, ಹಿಂದೆ ಬಂದ ಲಾರಿಯ ಚಕ್ರಕ್ಕೆ ಸಿಕ್ಕಿತ್ತಂತೆ. ಟಾರ್ಪಾಲಿನ ಮೇಲೆ ಟಯರಿನ ಗುರುತು ಅಚ್ಚೊತ್ತಿದ ಹಾಗಿತ್ತು. ಕಣ್ಣು ಎಲ್ಲಿಟ್ಟುಕೊಂಡಿದ್ದಿರಿ ಎಂದು ಶುರು ಮಾಡಿದೆ. ಅಕ್ಕ ನನ್ನನ್ನು ತಡೆದು, ಎಡಗಡೆ ನೋಡಲಿಲ್ಲವೇ ಎಂದು ಕೇಳಿದಳು.

"ಎಡಗಡೆ ನಾನ್ಯಾವತ್ತು ನೋಡಿದೀನಿ? ಅದು ಕಂಡಕ್ಟರ್ ನೋಡ್ಕೊತಿದ್ದ," ಎಂದರು ಭಾವ.

ಅದು ನೆಪವಲ್ಲ, ನಿಜ. ಬಾಗಿಲು, ಹಿಂಬದಿ, ಎಡಬದಿ ಎಲ್ಲ ಕಂಡಕ್ಟರನದು. ಅವನು ರೈಟ್ ಅಂದರೆ ಹೊರಡಬೇಕು, ಅನ್ನದಿದ್ದರೆ ನಿಲ್ಲಬೇಕು. ಒಂದು ಜೀವಮಾನ ಹೀಗೆ ಇನ್ನೊಬ್ಬನ ಗಂಟಲನ್ನು ನಂಬಿ ಬದುಕಿದ ಮನುಷ್ಯ, ಈ ವಯಸ್ಸಿಗೆ ಬಂಡಿಯ ಸುತ್ತ ಬರುವುದನ್ನು ಹೊಸದಾಗಿ ಕಲಿಯುತ್ತಾರೆಯೇ? ಒಳಗಿನ ಪರದೆಗೇ ವಾಪಸು ಹೋಗೋಣ, ಅದು ಹಾರಿಹೋಗುವುದಾದರೂ ಇಲ್ಲ, ನೀರು ಒರೆಸಿಕೊಂಡರಾಯಿತು ಎಂದು ನಾನೇ ಸೋತು ಹೇಳಿದೆ. ಭಾವ ತಲೆಯಾಡಿಸಿದರು. ತುಳಿಸಿಕೊಂಡ ಪರದೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದರು. "ಅವ್ಳನ್ನ ಒದ್ದೆಯಲ್ಲಿ ಮಲಗ್ಸಲ್ಲ ಹೇಮಾ. ಪರಮೇಶಂಗೆ ಹೇಳ್ತೀನಿ, ಬಂದು ತಗೊಂಡು ಹೋಗ್ಲಿ," ಎಂದು ಜೇಬಿಗೆ ಕೈ ಹಾಕಿದರು. ಅವರನ್ನು ಅಷ್ಟು ಬೈದವಳು ನಾನೇ, ಆದರೂ ಬಂಡಿ ಹೋಗುವುದು ನನಗೆ ಬೇಕಿರಲಿಲ್ಲ.

ಅಕ್ಕ ಕಾಫಿ ಲೋಟ ಕೆಳಗಿಟ್ಟಳು.

"ಫೋನ್ ಒಳಗಿಡ್ರೀ. ಹೋಗಿ ಸೀಟಲ್ಲಿ ಕೂತ್ಕೊಳ್ಳಿ."

ಭಾವ ಹೋಗಿ ಕೂತರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಡಗಡೆಗೆ ಬಂದಳು. ಉಳಿದ ಪರದೆಗಳ ಕೊಕ್ಕೆ ಒಂದೊಂದಾಗಿ ಬಿಚ್ಚಿ, ಸುತ್ತಿ, ಒಳಗೆ ಹಾಕಿದಳು. ಹಿಂದೆ ಹೋಗಿ ನೋಡಿದಳು, ಬಾಗಿಲು ಎಳೆದು ನೋಡಿದಳು. ಆಮೇಲೆ ಅಂಗೈಯಿಂದ ಬಂಡಿಯ ಮೈಗೆ ಎರಡು ಏಟು ಹಾಕಿ, ಬೀದಿಯ ಆ ಕೊನೆಗೂ ಕೇಳುವ ಹಾಗೆ ಕೂಗಿದಳು: "ರೈಟ್!"

ಭಾವನ ಕಾಲು ಅವರ ಮಾತು ಕೇಳಲಿಲ್ಲ, ಆ ಕೂಗಿನ ಮಾತು ಕೇಳಿತು. ಬಂಡಿ ಹೊರಟೇ ಹೋಯಿತು, ಅಕ್ಕ ಇನ್ನೂ ನೆಲದ ಮೇಲೇ ಇದ್ದಾಳೆ. ಗೇಟು ದಾಟಿದ ಮೇಲೆ ನೆನಪಾಗಿ ನಿಲ್ಲಿಸಿದರು. ಹತ್ತುವ ಮೊದಲೇ ರೈಟ್ ಹೇಳಿದರೆ ಹೀಗೇ ಆಗುವುದು ಎಂದು ಅವರು, ನಿಂತವಳನ್ನು ಬಿಟ್ಟು ಹೋಗುವುದು ನಿಮಗೆ ಹೊಸದೇ ಎಂದು ಇವಳು. ಬೈದುಕೊಂಡೇ ಓಡಿಹೋಗಿ ಹತ್ತಿದಳು. ಭಾವ ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಡೀಸೆಲಿಗೆ ಹೋದವರು ಅರಸೀಕೆರೆ ನೋಡಿಕೊಂಡು ಸಂಜೆಗೆ ಬಂದರು.

ಈಗ ಮಲಗುವ ಕಡೆಯೆಲ್ಲ ಹೊರಗಿನ ಪರದೆ. ಟಯರಿನ ಗುರುತಿನದು ಅಕ್ಕನ ದಿಂಬಿನ ಕಿಟಕಿಗೇ ಬೀಳುತ್ತದೆ, ಹೊಸದು ಹೊಲಿದುಕೊಡುತ್ತೇನೆ ಎಂದರೆ ಬೇಡವಂತೆ. ದಾರಿಯಲ್ಲಿ ನಿಲ್ಲಿಸಿ ಸೀರೆ ಬದಲಿಸುವುದಕ್ಕೋ, ಊಟದ ಹೊತ್ತಿಗೋ ಒಳಗಿನದು. ನನ್ನ ಯಾವ ಹೊಲಿಗೆಯೂ ದಂಡವಾಗಲಿಲ್ಲ.

ಮೊನ್ನೆ ಪರಮೇಶ ಫೋನು ಮಾಡಿದ. ಬಂಡಿ ಕೇಳೋಣವೆಂದು ಅಜ್ಜಂಪುರದಿಂದ ಕಡೂರಿಗೆ ಬಂದರೆ ಮನೆಗೆ ಬೀಗ, ಅಂಗಳ ಖಾಲಿ, ತೀರ್ಥಪ್ಪನವರು ಫೋನ್ ಎತ್ತುತ್ತಿಲ್ಲ. ನಾನು ಅಕ್ಕನಿಗೆ ಮಾಡಿದೆ. ಗಾಳಿಯ ಸದ್ದು, ಒಗ್ಗರಣೆಯ ಸದ್ದು, ಹಿಂದಿನಿಂದ ಭಾವ ಉಪ್ಪು ಎಲ್ಲಿ ಎಂದು ಕೇಳುವ ಸದ್ದು. ಎಲ್ಲಿದ್ದೀರಿ, ಪರಮೇಶ ಬಾಗಿಲಲ್ಲಿ ನಿಂತಿದ್ದಾನೆ, ಏನು ಹೇಳಲಿ ಎಂದು ಕೇಳಿದೆ.

"ಬೇರೆ ಬಂಡಿ ನೋಡ್ಕೊಳೋಕೆ ಹೇಳು," ಎಂದಳು ಅಕ್ಕ. "ನಮ್ಗೆ ಹಾಲ್ಟಿಂಗ್ ಕಣೇ."